ಐನೂರರ ಗೆರೆ

ಬೆಳಗಾವಿಯಲ್ಲಿ ಬಸ್ಸಿಳಿದು ನೆಹರು ನಗರಕ್ಕೆ ಎಂದರೆ ಆಟೋದವರು ಮೊದಲು ಕೇಳುವುದು, 'ಕೆಎಲ್‌ಇಗೇನ್ರೀ?' ಊರಿನವರಿಗೆ ಆ ಬಡಾವಣೆ ಎಂದರೆ ದೊಡ್ಡ ಆಸ್ಪತ್ರೆ, ಅದರ ಜೊತೆಗಿರುವ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆ ಈ ಕಾಲೇಜನ್ನು ಆರಂಭಿಸಿದ್ದು 1963ರಲ್ಲಿ. ಖಾನಾಪುರ, ಬೈಲಹೊಂಗಲ, ಸವದತ್ತಿ, ಗೋಕಾಕ ಕಡೆಯಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಅವರ ಹಿಂದೆಯೇ, ಕಣ್ಣಿಗೆ ಕಾಣದಂತೆ, ಇನ್ನೊಂದು ಸಂಗತಿಯೂ ಹಳ್ಳಿಗಳಿಂದ ನೆಹರು ನಗರಕ್ಕೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹರಿದು ಬಂದಿದೆ. ಯಾವ ಊರಿನಲ್ಲಿ ಯಾರು ಬಸುರಿ, ಎಷ್ಟನೇ ತಿಂಗಳು, ರಕ್ತದೊತ್ತಡ ಎಷ್ಟು, ಮಗು ಎಷ್ಟು ತೂಗಿತು, ಬದುಕಿತೋ ಇಲ್ಲವೋ ಎಂಬ ಮಾಹಿತಿ ಅದು. ಈಗ ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳಬೇಕೆಂದರೆ, ಡೇಟಾ.

ಡೇಟಾ ಮತ್ತು ಅಧಿಕಾರದ ಚರ್ಚೆ ಎಂದರೆ ನಮಗೆ ನೆನಪಾಗುವುದು ಫೇಸ್‌ಬುಕ್, ಗೂಗಲ್, ಚುನಾವಣೆ, ದೆಹಲಿಯ ಕೋರ್ಟು. ನಾನು ಒಂದು ಪ್ಲಾಸ್ಟಿಕ್ ಹಾಳೆಯಿಂದ ಶುರು ಮಾಡುತ್ತೇನೆ.

ಹೆರಿಗೆಯಾಗಿ ಮಗು ಹೊರಬಂದ ಕೂಡಲೇ ಬಾಣಂತಿಯ ಸೊಂಟದಡಿ ಹಾಸಿ, ಹೊಟ್ಟೆಯ ಮೇಲೆ ದಾರದಿಂದ ಕಟ್ಟುವ ಹಾಳೆ ಅದು. ಕೆಳಗೆ ಬರುತ್ತ ಬರುತ್ತ ಆಲಿಕೆಯಂತೆ ಕಿರಿದಾಗಿ ಕೊನೆಗೆ ಚೀಲವಾಗುತ್ತದೆ. ಚೀಲದ ಮೈಮೇಲೆ ಮಿಲಿಲೀಟರಿನ ಗೆರೆಗಳಿವೆ. ತಾಯಿಯ ಮೈಯಿಂದ ಹೋದ ರಕ್ತವೆಲ್ಲ ಅದರಲ್ಲಿ ಇಳಿದು ನಿಲ್ಲುತ್ತದೆ. ರಕ್ತ 500ರ ಗೆರೆ ಮುಟ್ಟಿದರೆ ಅದು ಪ್ರಸವೋತ್ತರ ರಕ್ತಸ್ರಾವ, 1000 ಮುಟ್ಟಿದರೆ ತೀವ್ರ ರಕ್ತಸ್ರಾವ. ಇಷ್ಟೇ ಉಪಕರಣ. ಬ್ಯಾಟರಿ ಇಲ್ಲ, ಪರದೆ ಇಲ್ಲ, ಸಿಗ್ನಲ್ ಬೇಡ. ಅಮೆರಿಕದ ಸಂಶೋಧಕರೂ ನೆಹರು ನಗರದ ವೈದ್ಯರೂ ಕೂಡಿ ಇದನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗಾಗಿ ರೂಪಿಸಿದರು.

ಇದು ಬರುವ ಮೊದಲು ಹೋದ ರಕ್ತವನ್ನು ಅಳೆಯುತ್ತಿದ್ದದ್ದು ಕಣ್ಣು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಮೇಲೆ ಗರ್ಭಕೋಶದ ಸ್ನಾಯುಗಳು ಮುಷ್ಟಿಯಂತೆ ಬಿಗಿದು ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಮುಷ್ಟಿ ಸಡಿಲವಾಯಿತೋ, ರಕ್ತ ನಿಲ್ಲುವುದಿಲ್ಲ. ಮನೆಯಲ್ಲಿ ಹೆರಿಗೆಯಾದರೆ ಆ ರಕ್ತವನ್ನು ಹಳೆಯ ಸೀರೆ ಹೀರುತ್ತದೆ, ಗೋಣಿತಟ್ಟು ಹೀರುತ್ತದೆ, ಸೆಗಣಿ ಸಾರಿಸಿದ ನೆಲ ಹೀರುತ್ತದೆ. ಕಂದೀಲಿನ ಬೆಳಕಿನಲ್ಲಿ ನಿಂತ ನರ್ಸಬಾಯಿ ಅದನ್ನು ನೋಡಿ 'ಸ್ವಲ್ಪ ಹೆಚ್ಚು' ಎಂದೋ 'ಮಾಮೂಲಿ' ಎಂದೋ ತೀರ್ಮಾನಿಸಬೇಕಿತ್ತು. ಕಣ್ಣಂದಾಜನ್ನೂ ಈ ಚೀಲದ ಲೆಕ್ಕವನ್ನೂ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕಣ್ಣು ಹೇಳಿದ್ದು ಚೀಲ ಹೇಳಿದ್ದಕ್ಕಿಂತ ಶೇ 33ರಷ್ಟು ಕಡಿಮೆ. ಮುಕ್ಕಾಲು ಲೀಟರ್ ಹೋಗಿದ್ದರೆ ಕಣ್ಣಿಗೆ ಕಾಣುವುದು ಅರ್ಧ ಲೀಟರ್. ಆ ವ್ಯತ್ಯಾಸದಲ್ಲೇ ತಾಯಂದಿರು ಸಾಯುತ್ತಿದ್ದರು.

ಇದೇ ಚೀಲವನ್ನು ಇಟ್ಟುಕೊಂಡು 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹೆರಿಗೆಯಾದೊಡನೆ ನುಂಗಿಸಿದರೆ ಗರ್ಭಕೋಶ ಬಿಗಿಯುತ್ತದೆಯೇ ಎಂಬುದು ಪ್ರಶ್ನೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಣ್ಣಗೆ ಇಡಬೇಕು, ಸೂಜಿ ಹಾಕಲು ಬರಬೇಕು. ಗುಳಿಗೆಗೆ ಅದೊಂದೂ ಬೇಡ. 1620 ಹೆಂಗಸರಲ್ಲಿ 812 ಮಂದಿಗೆ ಗುಳಿಗೆ ಕೊಟ್ಟರು, 808 ಮಂದಿಗೆ ಅದರಂತೆಯೇ ಕಾಣುವ, ಮದ್ದಿಲ್ಲದ ಗುಳಿಗೆ. ಕೊಟ್ಟವರು ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರು, ದೊಡ್ಡ ಡಾಕ್ಟರುಗಳಲ್ಲ. ಮದ್ದು ಸಿಕ್ಕವರಲ್ಲಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು, ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ. ಹದಿನೆಂಟು ಹೆಂಗಸರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. 2006ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹೆಂಗಸರ ರಕ್ತದ ಲೆಕ್ಕವೂ ಆ ತೀರ್ಮಾನದ ಹಿಂದಿತ್ತು.

ಮದ್ದಿಲ್ಲದ ಗುಳಿಗೆ ನುಂಗಿದ ಆ 808 ಹೆಂಗಸರು ನನ್ನ ತಲೆಯಿಂದ ಹೋಗುವುದಿಲ್ಲ. ಅವರಿಲ್ಲದೆ ಮದ್ದಿನ ಬಲ ರುಜುವಾತಾಗುತ್ತಿರಲಿಲ್ಲ, ಸರಿ. ಪ್ರಯೋಗಕ್ಕೆ ನೀತಿ ಸಮಿತಿಗಳಿದ್ದವು, ಒಪ್ಪಿಗೆ ಪತ್ರಗಳಿದ್ದವು. ಆದರೂ ಬೇರೆಡೆ ಆಸ್ಪತ್ರೆಗಳಲ್ಲಿ ಚುಚ್ಚುಮದ್ದು ಇರುವಾಗ ಹಳ್ಳಿಯ ಹೆಂಗಸಿಗೆ ಬರಿಯ ಗುಳಿಗೆ ಕೊಡಬಹುದೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಜಗತ್ತಿಗೆ ಜ್ಞಾನ ಕೊಟ್ಟವರು ಆ ಜ್ಞಾನ ರೂಪುಗೊಳ್ಳುವ ಮೇಜಿನ ಬಳಿ ಕೂತಿರಲಿಲ್ಲ. ಡೇಟಾದ ಬಗ್ಗೆ ಇಂದು ನಡೆಯುತ್ತಿರುವ ಜಗಳವೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ. ಕೊಡುವವರು ಒಂದು ಕಡೆ, ಕೇಳುವವರು, ಕೂಡಿಸಿ ಕಳೆಯುವವರು, ತೀರ್ಮಾನಿಸುವವರು ಇನ್ನೊಂದು ಕಡೆ.

ಆದರೆ ಚೀಲದಲ್ಲಿ ನನಗೆ ಬಹಳ ಹಿಡಿಸುವ ಗುಣವೊಂದಿದೆ. ಅಳತೆ ಅಲ್ಲೇ, ಬಾಣಂತಿಯ ಪಕ್ಕದಲ್ಲೇ, ನರ್ಸಬಾಯಿಯ ಕಣ್ಣೆದುರಿಗೇ ಇರುತ್ತದೆ. ಗೆರೆ ಓದಲು ಯಾರ ಅನುಮತಿಯೂ ಬೇಡ. ಮೊದಲು 'ರಕ್ತ ಜಾಸ್ತಿ ಹೋಗ್ತಾ ಐತಿ' ಎಂದು ಅವಳು ಹೇಳಿದರೆ ಮನೆಯ ಹಿರಿಯರು 'ನಮ್ಮ ಕಾಲದಾಗೂ ಹಿಂಗ ಇತ್ತು' ಎಂದು ತಳ್ಳಿಹಾಕಬಹುದಿತ್ತು. ಈಗ ಅವಳು ಚೀಲ ತೋರಿಸಬಲ್ಲಳು. ಗಾಡಿ ತರಿಸಿ ಎಂದು ಗಟ್ಟಿಯಾಗಿ ಹೇಳಬಲ್ಲಳು. ಬಾಣಂತಿಯ ಅತ್ತೆಯೂ ಓದಬಹುದಾದ ಸಂಖ್ಯೆ ಅದು. ಇಂಥದೇ ಗೆರೆಚೀಲವನ್ನೂ ಅದಕ್ಕೆ ಹೊಂದಿಸಿದ ಚಿಕಿತ್ಸೆಯ ಕ್ರಮವನ್ನೂ ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡಬೇಕಾಗುವ ಶಸ್ತ್ರಕ್ರಿಯೆ, ಸಾವು ಇವೆಲ್ಲ ಒಟ್ಟಾಗಿ ಶೇ 60ರಷ್ಟು ಇಳಿದಿದ್ದವು. ಅಳೆದವರ ಕೈಯಲ್ಲೇ ಅಳತೆ ಉಳಿದಾಗ ಆಗುವ ಕೆಲಸ ಇದು.

ಇನ್ನು ಅಳತೆ ಕೈಬಿಟ್ಟು ಹೋಗುವ ಕಥೆಗಳು.

ಇದೇ ನೆಹರು ನಗರದ ಕಾಲೇಜು ಜಾಗತಿಕ ಜಾಲವೊಂದರ ಭಾಗವಾಗಿ ತಾಯಿ ಮತ್ತು ನವಜಾತ ಶಿಶುಗಳ ನೋಂದಣಿಯೊಂದನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದೆ. ಗೊತ್ತುಪಡಿಸಿದ ಊರುಗಳಲ್ಲಿ ಯಾರೇ ಬಸುರಿಯಾದರೂ, ಎಲ್ಲೇ ಹೆರಿಗೆಯಾದರೂ, ಹೆರಿಗೆಯ ನಂತರ 42ನೇ ದಿನದವರೆಗೆ ಅವಳ ಮತ್ತು ಮಗುವಿನ ಲೆಕ್ಕ ಇಡುವ ಕೆಲಸ. ಹಣ ಬಂದದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯಿಂದ. ಇದೇ ಜಾಲದಲ್ಲಿ ನಾಗಪುರವಿತ್ತು, ಪಾಕಿಸ್ತಾನವಿತ್ತು, ಕೀನ್ಯಾ, ಜಾಂಬಿಯಾ, ಕಾಂಗೊ, ಗ್ವಾಟೆಮಾಲಾಗಳಿದ್ದವು. ಎಲ್ಲ ಕಡೆಯ ಡೇಟಾವನ್ನು ಸಂಯೋಜಿಸುವ ಕೇಂದ್ರ ಇದ್ದದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಹೀಗೆ ವಿದೇಶದ ಜೊತೆಗೂಡಿ ಮಾಡುವ ಆರೋಗ್ಯ ಸಂಶೋಧನೆಗೆ ನಮ್ಮ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಕದ್ದುಮುಚ್ಚಿ ನಡೆಯುವುದಲ್ಲ ಇದು, ಮತ್ತು ಇದರಿಂದ ಆದ ಉಪಕಾರ ದೊಡ್ಡದು. ಸತ್ತು ಹುಟ್ಟಿದ ಮಕ್ಕಳನ್ನು ಸರ್ಕಾರದ ದಾಖಲೆಗಳು ಸರಿಯಾಗಿ ಎಣಿಸದಿದ್ದ ಕಾಲದಲ್ಲಿ ಈ ನೋಂದಣಿ ಎಣಿಸಿತು. ಎಣಿಸದ ಸಾವನ್ನು ತಡೆಯುವ ಯೋಜನೆಯನ್ನು ಯಾರೂ ಹಾಕುವುದಿಲ್ಲ.

ಆದರೆ ಫಾರಂನಲ್ಲಿ ಯಾವ ಪ್ರಶ್ನೆ ಇರಬೇಕು ಎಂದು ನಿರ್ಧರಿಸುವವರು ಯಾರು? ಖಾನಾಪುರ ತಾಲೂಕಿನ ಕಾಡಂಚಿನ ಬಸುರಿಯನ್ನೇ ಕೇಳಿದ್ದರೆ ಅವಳು ರಕ್ತದೊತ್ತಡದ ಮಾತು ತೆಗೆಯುವ ಮೊದಲು ರಸ್ತೆಯ ಮಾತು ತೆಗೆಯುತ್ತಿದ್ದಳೇನೋ. ಭೀಮಗಡ ವನ್ಯಧಾಮದೊಳಗಿನ ಆಮಗಾಂವ್‌ನಂಥ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತುಕೊಂಡೇ ಹೊರಗೆ ತರಬೇಕಾಗಿ ಬಂದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ಹಳ್ಳ ದಾಟಲು ಎಷ್ಟು ಹೊತ್ತಾಯಿತು, ಹೊರಲು ಎಷ್ಟು ಜನ ಸಿಕ್ಕರು ಎಂಬುದಕ್ಕೂ ಒಂದು ಕಾಲಂ ಇದ್ದರೆ ಆ ಲೆಕ್ಕ ಬೇರೆ ಇಲಾಖೆಯ ಬಾಗಿಲು ಬಡಿಯುತ್ತಿತ್ತು. ಕೇಳದ ಪ್ರಶ್ನೆಗೆ ಉತ್ತರ ದಾಖಲಾಗುವುದಿಲ್ಲ.

2014ರ ಹೊತ್ತಿಗೆ ಫಾರಂನ ಜಾಗಕ್ಕೆ ಟ್ಯಾಬ್ಲೆಟ್ ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮುಂದಾಳ್ತನದಲ್ಲಿ, ಗೇಟ್ಸ್ ಪ್ರತಿಷ್ಠಾನದ ಹಣದಲ್ಲಿ, ಭಾರತ, ಪಾಕಿಸ್ತಾನ, ಮೊಜಾಂಬಿಕ್ ದೇಶಗಳಲ್ಲಿ ಕ್ಲಿಪ್ ಎಂಬ ಪ್ರಯೋಗ ನಡೆಯಿತು. ಭಾರತದ ಪಾಲಿನದು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ, ನೆಹರು ನಗರದವರ ಸಹಭಾಗಿತ್ವದಲ್ಲಿ. ಬಸುರಿಯರಿಗೆ ರಕ್ತದೊತ್ತಡ ಏರಿ ನಂಜಿನ ಸೆಳವು ಬರುವುದನ್ನು ಮೊದಲೇ ಗುರುತಿಸುವುದು ಗುರಿ. ಆಶಾ ಕಾರ್ಯಕರ್ತೆ ಮನೆಗೆ ಹೋಗುತ್ತಾಳೆ, ಒತ್ತಡ ಅಳೆಯುತ್ತಾಳೆ, ತಲೆನೋವಿದೆಯೇ, ಕಣ್ಣು ಮಂಜಾಗಿದೆಯೇ ಎಂದು ಕೇಳುತ್ತಾಳೆ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾಳೆ. ಎಲ್ಲವನ್ನೂ ಆ್ಯಪ್‌ಗೆ ತುಂಬಿದರೆ ಅದು ಅಪಾಯವನ್ನು ಲೆಕ್ಕ ಹಾಕಿ ಏನು ಮಾಡಬೇಕೆಂದು ಹೇಳುತ್ತದೆ: ನಾಲ್ಕು ಗಂಟೆಯೊಳಗೆ ಆಸ್ಪತ್ರೆಗೆ ಸಾಗಿಸಿ, ಅಥವಾ ಒಂದು ದಿನದೊಳಗೆ. ಮನೆಮನೆಯ ಅಂಗಳಕ್ಕೆ ಬಂದ ಈ ಜಾಣ ಯಂತ್ರ ದೊಡ್ಡ ಆಸೆ ಹುಟ್ಟಿಸಿತ್ತು. ಫಲಿತಾಂಶ 2020ರಲ್ಲಿ ಬಂದಾಗ ತಾಯಿ ಮತ್ತು ಮಕ್ಕಳ ಸಾವು ನೋವಿನ ಒಟ್ಟು ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಸಂಶೋಧಕರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ವಿಜ್ಞಾನದ ಮೇಲೆ ನನಗಿರುವ ನಂಬಿಕೆ ನಿಂತಿರುವುದು ಇಂಥ ಪ್ರಾಮಾಣಿಕತೆಯ ಮೇಲೆ.

ಚೀಲಕ್ಕೂ ಈ ಆ್ಯಪ್‌ಗೂ ಇರುವ ವ್ಯತ್ಯಾಸವನ್ನು ಹತ್ತಿರದಿಂದ ನೋಡಬೇಕು. ಆ್ಯಪ್ ಬಳಸುತ್ತಿದ್ದ ಅಪಾಯದ ಸೂತ್ರ ತಯಾರಾಗಿದ್ದು 2081 ಹೆಂಗಸರ ಮಾಹಿತಿಯಿಂದ. ಅವರು ಬ್ರೆಜಿಲ್, ಫಿಜಿ, ಪಾಕಿಸ್ತಾನ, ದಕ್ಷಿಣ ಆಫ್ರಿಕ, ಉಗಾಂಡದವರು. ಭಾರತದ ಆಸ್ಪತ್ರೆ ಅದರಲ್ಲಿ ಒಂದೂ ಇರಲಿಲ್ಲ. ಸೂತ್ರ ತಪ್ಪೆಂದು ಹೇಳುತ್ತಿಲ್ಲ; ದೇಹಗಳು ದೇಶದ ಗಡಿ ನೋಡಿ ಕೆಲಸ ಮಾಡುವುದಿಲ್ಲ. ಆದರೆ ಸೂತ್ರದ ಒಳಗೆ ಏನಿದೆ ಎಂಬುದು ಆಶಾ ಕಾರ್ಯಕರ್ತೆಗೆ ಕಾಣುವುದಿಲ್ಲ. ಚೀಲದ ಗೆರೆಯನ್ನು ತೋರಿಸಿದಂತೆ ಅವಳು ಅದನ್ನು ಅತ್ತೆಗೆ ತೋರಿಸಲಾರಳು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಕೋವಿಡ್ ಕಾಲದಲ್ಲಿ ನಾವೆಲ್ಲ ಕೊಂಡು ಮನೆಯಲ್ಲಿ ಇಟ್ಟುಕೊಂಡ ಯಂತ್ರ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಎಷ್ಟು ಬೆಳಕು ದಾಟಿಬಂತು ಎಂಬುದರಿಂದ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಚರ್ಮದ ಕಪ್ಪುಬಣ್ಣಕ್ಕೆ ಕಾರಣವಾದ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. ಮಿಶಿಗನ್‌ನ ವೈದ್ಯರು ತಮ್ಮ ರೋಗಿಗಳ ದಾಖಲೆ ತೆರೆದು ನೋಡಿ, ಕಂಡದ್ದನ್ನು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಯಂತ್ರ 'ಎಲ್ಲ ಸರಿ' ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕಿಳಿದಿದ್ದ ಪ್ರಮಾಣ ಬಿಳಿಯರಲ್ಲಿ ಶೇ 3.6, ಕರಿಯರಲ್ಲಿ ಶೇ 11.7. ದಶಕಗಳಿಂದ ಆಸ್ಪತ್ರೆಗಳಲ್ಲಿದ್ದ ಯಂತ್ರ ಅದು. ಹೆಚ್ಚಾಗಿ ಬಿಳಿ ಚರ್ಮದವರ ಮೇಲೆ ಹೊಂದಿಸಿದ ಅಳತೆಯೇ ಎಲ್ಲರ ಅಳತೆಯಾಗಿತ್ತು. ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ. ಯಾರ ಬೆರಳನ್ನು ಇಟ್ಟು ಅದನ್ನು ಕಲಿಸಿದರು ಎಂಬುದರಲ್ಲಿ ಪಕ್ಷಪಾತ ಸೇರಿಕೊಂಡಿತು.

ಈಗ ಆ ಆಶಾ ಕಾರ್ಯಕರ್ತೆಯ ಹೆಗಲಚೀಲಕ್ಕೆ ಬರೋಣ. ಅದರಲ್ಲಿ ಡೈರಿ ಇದೆ, ತಾಯಿ ಕಾರ್ಡುಗಳಿವೆ, ಕಬ್ಬಿಣದ ಗುಳಿಗೆಗಳಿವೆ, ಜೊತೆಗೆ ಫೋನು. ಅವಳು ನಡೆದದ್ದು, ಬಸುರಿಯನ್ನು ತಪಾಸಣೆಗೆ ಕರೆದೊಯ್ದದ್ದು, ರಾತ್ರಿ ಹೆರಿಗೆಗೆ ಜೊತೆಗೆ ಹೋದದ್ದು ಎಲ್ಲ ಡೈರಿಯಲ್ಲಿದೆ. ಆದರೆ ಅವಳ ಪ್ರೋತ್ಸಾಹಧನ ಲೆಕ್ಕವಾಗುವುದು ಡೈರಿಯಿಂದಲ್ಲ, ತಾಯಿ-ಮಕ್ಕಳ ಆರೋಗ್ಯದ ಸರ್ಕಾರಿ ಆರ್‌ಸಿಎಚ್ ಪೋರ್ಟಲಿಗೆ ಯಾರೋ ತುಂಬಿದ ಮಾಹಿತಿಯಿಂದ. ಅಲ್ಲಿ ಏರದಿದ್ದರೆ ದುಡಿದದ್ದು ದುಡಿದಂತಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕುಳಿತಾಗ ಗೌರವಧನದ ಏರಿಕೆಯ ಜೊತೆಗೆ ಈ ಪೋರ್ಟಲಿನ ಗಂಟು ಬಿಡಿಸಿ ಎಂದೂ ಕೇಳಿದ್ದರು. ಇಡೀ ರಾಜ್ಯದ ಬಸುರಿಯರ ಮಾಹಿತಿಗೆ ಬುನಾದಿ ಹಾಕುವವಳು ತನ್ನ ದುಡಿಮೆಯ ಮಾಹಿತಿಯನ್ನು ತಿದ್ದಿಸಲಾರಳು. ಇದು ನ್ಯಾಯವಲ್ಲ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಆಸ್ಪತ್ರೆಯ ಸಂಗತಿ ಬಿಟ್ಟು ಹೊಲಕ್ಕೆ ಹೋದರೂ ಕಾಣುವುದು ಇದೇ. ರಾಜ್ಯದ ಉಳಿದ ಕಡೆ ಪಹಣಿ ಎನ್ನುವುದನ್ನು ಬೆಳಗಾವಿ ಕಡೆಯ ರೈತರು ಉತಾರ ಎನ್ನುತ್ತಾರೆ. ಒಂದು ಕಾಲಕ್ಕೆ ಆ ಉತಾರ ಗ್ರಾಮ ಲೆಕ್ಕಿಗನಾದ ತಲಾಟಿಯ ಹೊತ್ತಿಗೆಯಲ್ಲಿತ್ತು, ಹೊತ್ತಿಗೆ ತಲಾಟಿಯ ಕಂಕುಳಲ್ಲಿತ್ತು. ಅವನು ಸಿಕ್ಕರೆ ಉಂಟು, ಕೈಬಿಸಿ ಮಾಡಿದರೆ ಉಂಟು. 2001ರಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹಿಂದಿನ ದೊಡ್ಡ ಶಕ್ತಿ. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಹೆಸರು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಒಬ್ಬರನ್ನು ಹಾರಿಸಿ ಇನ್ನೊಬ್ಬರದನ್ನು ಮಾಡುವಂತಿಲ್ಲ ಎಂಬ ಕಟ್ಟುಪಾಡನ್ನು ಸಾಫ್ಟ್‌ವೇರಿನೊಳಗೇ ಇಟ್ಟರು. ದೇಶವೇ ತಿರುಗಿ ನೋಡಿದ ಕೆಲಸ ಅದು. ತನ್ನ ಹೊಲದ ದಾಖಲೆಯನ್ನು ತಾನೇ ತೆಗೆದು ನೋಡುವ ಹಕ್ಕು ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೆ ಓದುವ ಹಕ್ಕು ಹತ್ತಿರ ಬಂದಂತೆ ತಿದ್ದುವ ಅಧಿಕಾರ ದೂರ ಹೋಯಿತು. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ, ಊರಮಟ್ಟದ ಅಧಿಕಾರ ತಾಲೂಕು ಕೇಂದ್ರಕ್ಕೆ ಸರಿದದ್ದರಿಂದ ಲಂಚ ಕಡಿಮೆಯಾಗಲಿಲ್ಲ, ಬೆಂಗಳೂರಿನ ಸುತ್ತ ಭೂಮಿ ಹುಡುಕುತ್ತಿದ್ದ ದೊಡ್ಡ ಕುಳಗಳಿಗೇ ಅನುಕೂಲವಾಯಿತು ಎಂದು ವಾದಿಸಿತು. ಹೊತ್ತಿಗೆಯಲ್ಲಿದ್ದ ತಪ್ಪು ಕಂಪ್ಯೂಟರಿಗೆ ಹೋದಾಗ ಅದು ಇನ್ನೂ ಗಟ್ಟಿಯಾದ ತಪ್ಪಾಗುತ್ತದೆ. ಅಜ್ಜ ಸತ್ತು ಮೂವತ್ತು ವರ್ಷವಾದರೂ ಉತಾರದಲ್ಲಿ ಅಜ್ಜನೇ ಬದುಕಿರುವ ಮನೆಗಳು ನಮ್ಮಲ್ಲಿ ಎಷ್ಟೋ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದಾಗ ಸರ್ಕಾರವೇ ಇದನ್ನು ಎದುರಿಸಬೇಕಾಯಿತು, ಆಮೇಲೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಆಂದೋಲನ ಹೂಡಬೇಕಾಯಿತು.

ಹೊತ್ತಿಗೆಯ ಒಡೆಯನಾಗಿದ್ದ ತಲಾಟಿ ಏನಾದ? ಈಗ ಆ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. 2024ರ ಸೆಪ್ಟೆಂಬರಿನಲ್ಲಿ ಅವರು ರಾಜ್ಯಾದ್ಯಂತ ಕೆಲಸ ನಿಲ್ಲಿಸಿ ಧರಣಿ ಕುಳಿತರು. ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಸರಿಯಾದ ಫೋನಿಲ್ಲ, ಲ್ಯಾಪ್‌ಟಾಪ್ ಇಲ್ಲ, ಕೂರಲು ಕಚೇರಿ ಇಲ್ಲ ಎಂಬುದು ಅವರ ಅಳಲು. ತಲಾಟಿಯ ಕೈಯಿಂದ ಜಾರಿದ ಅಧಿಕಾರ ರೈತನ ಕೈಗೆ ಬಂದಿದ್ದರೆ ಸಂತೋಷಪಡುತ್ತಿದ್ದೆವು. ಅದು ಇಬ್ಬರನ್ನೂ ದಾಟಿ ಮೇಲಕ್ಕೆ ಹೋಯಿತು. ಕಿಟಕಿಯಲ್ಲಿ ನಿಂತವನಿಗೂ ಕಿಟಕಿಯೊಳಗೆ ಕುಳಿತವನಿಗೂ ಈಗ ಉಳಿದಿರುವ ಮಾತು ಒಂದೇ: 'ಸರ್ವರ್ ಡೌನ್ ಐತ್ರಿ.'

ಖಾನಾಪುರ ತಾಲೂಕಿನಲ್ಲಿ ಇದಕ್ಕೆ ಎದುರಾಗಿ ನಿಲ್ಲುವ ಒಂದು ಕಾಗದದ ಚೂರಿನ ಕಥೆಯೂ ಇದೆ. ಉದ್ಯೋಗ ಖಾತರಿ ಕಾಯ್ದೆಯಡಿ ಕೂಲಿಕಾರರು ನಮೂನೆ 6ರಲ್ಲಿ ಕೆಲಸ ಕೇಳಬೇಕಿತ್ತು. ಪಂಚಾಯಿತಿಯವರು ಅದಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕಿತ್ತು. ಅಂದಿನಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಸ್ವೀಕೃತಿ ಇಲ್ಲದಿದ್ದರೆ 'ನೀವು ಕೆಲಸ ಕೇಳೇ ಇಲ್ಲ' ಎಂದುಬಿಡಬಹುದಿತ್ತು. ಈ ತಾಲೂಕಿನ ಜಾಗೃತಿ ಮಹಿಳಾ ಒಕ್ಕೂಟದ ಹೆಂಗಸರು ಕೆಲಸದ ಹಕ್ಕಿಗಾಗಿ ವರ್ಷಗಳಿಂದ ಹೋರಾಡುತ್ತ ಬಂದವರು. ಸೆರಗಿನಲ್ಲಿ ಮಡಚಿಟ್ಟ ಆ ಸ್ವೀಕೃತಿಯ ಬೆಲೆ ಏನೆಂದು ಕೂಲಿಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಿನಾಂಕ, ಮುದ್ರೆ, ಸಹಿ. ಬಡವರ ಕೈಯಲ್ಲಿದ್ದು ಬಡವರ ಪರವಾಗಿ ಮಾತಾಡುವ ಡೇಟಾ ಅದು.

2023ರ ಜನವರಿ 1ರಿಂದ ಆ ಕೆಲಸದ ಹಾಜರಿ ಫೋನಿಗೆ ಹೋಯಿತು. ಕೂಲಿಕಾರರ ಗುಂಪಿನ ಮೇಲ್ವಿಚಾರಕ ಕಾಯಕ ಬಂಧು ದಿನಕ್ಕೆ ಎರಡು ಸಲ ಅವರನ್ನು ನಿಲ್ಲಿಸಿ ಸ್ಥಳದ ಗುರುತಿನ ಸಮೇತ ಫೋಟೊ ತೆಗೆದು ಏರಿಸಬೇಕಾಯಿತು. ಕಳ್ಳ ಲೆಕ್ಕ ತಡೆಯಲು ಎಂದರು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಸೀಮೆಯಲ್ಲಿ ಫೋಟೊ ಏರದಿದ್ದರೆ ಅಗೆದ ಗುಂಡಿ ಕಣ್ಣೆದುರಿಗಿದ್ದರೂ ಕೂಲಿ ಇಲ್ಲ. ಕಳ್ಳ ಲೆಕ್ಕವಾದರೂ ನಿಂತಿತೇ? ಸಂಬಂಧವಿಲ್ಲದ ಫೋಟೊಗಳನ್ನೂ, ಫೋಟೊದಿಂದಲೇ ತೆಗೆದ ಫೋಟೊಗಳನ್ನೂ ಏರಿಸುತ್ತಿದ್ದಾರೆ, ಮನುಷ್ಯರೇ ಪರಿಶೀಲಿಸಿ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನೇ ತಂದಿತು. ಯಂತ್ರದ ಮೇಲಿನ ಭರವಸೆ ಅದರಲ್ಲಿ ಇನ್ನೂ ಹೆಚ್ಚಾಗಿದೆ.

ಕಾನೂನು ನಮ್ಮ ಬೆನ್ನಿಗಿಲ್ಲವೇ ಎಂದರೆ, ಇದೆ. ಅದನ್ನು ತಂದುಕೊಟ್ಟವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮರುವರ್ಷ ಅದೇ ಕೋರ್ಟಿನ ಬಹುಮತದ ತೀರ್ಪಿನಿಂದ ಆಧಾರ್ ಉಳಿಯಿತು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂತು. ಆದರೆ ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ಅರ್ಜಿ ನಿರಾಕರಿಸಲು ದಾರಿ ಮಾಡಿತು. ಊರಿನ ಹಾಜರಿ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಕೇಳಿ ಕಳ್ಳತನ ಹಿಡಿಯುತ್ತಿದ್ದವರಿಗೆ ಇದು ಪೆಟ್ಟು. ಸರ್ಕಾರಕ್ಕೆ ನಾವು ಕಾಣುತ್ತ ಹೋಗಿ, ನಮಗೆ ಸರ್ಕಾರ ಕಾಣದಂತಾಗುವುದು ಖಾಸಗಿತನವಲ್ಲ.

ಎಣಿಕೆಯ ಒಂದು ಕಾಲಂ ಏನು ಮಾಡಬಲ್ಲದು ಎಂಬುದು ಬೆಳಗಾವಿಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಚಂದಗಡ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಆಮೇಲಿನ ವಾದವೆಲ್ಲ ಜನಗಣತಿಯ ಭಾಷೆಯ ಕಾಲಂ ಸುತ್ತ ನಡೆಯಿತು. ಯಾವ ವರ್ಷದ ಗಣತಿ, ಜಿಲ್ಲೆಯನ್ನು ಲೆಕ್ಕಕ್ಕೆ ಹಿಡಿಯುವುದೋ ಹಳ್ಳಿಯನ್ನೋ? 1967ರಲ್ಲಿ ಮೆಹರ್‌ಚಂದ್ ಮಹಾಜನ್ ಆಯೋಗ ಬೆಳಗಾವಿ ನಗರ ನಮ್ಮಲ್ಲೇ ಇರಲಿ ಎಂದಿತು, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಕರ್ನಾಟಕಕ್ಕೆ ಎಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಬೆಳಗಾವಿ ಕನ್ನಡದ ನೆಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಣತಿಯ ಕಾಲಂನೊಳಗೆ ಖಾನಾಪುರದ ಮನೆಗಳು ಹಿಡಿಸುವುದಿಲ್ಲ. ಅವ್ವ ಮರಾಠಿ ಆಡುತ್ತಾಳೆ, ಸಂತೆಯಲ್ಲಿ ಕನ್ನಡ, ಲೋಂಡಾ ದಾಟಿದರೆ ಕೊಂಕಣಿ. ಮಾತೃಭಾಷೆಯ ಕಾಲಂ ಒಂದೇ ಹೆಸರು ಕೇಳುತ್ತದೆ. ಮೂರು ಮಾತಿನ ಮನೆ ಒಂದು ಸಂಖ್ಯೆಯಾಗಿ, ಆ ಸಂಖ್ಯೆ ಕೋರ್ಟಿನಲ್ಲಿ ಒಂದು ವಾದವಾಗಿ, ಆ ವಾದ ಬೀದಿಯಲ್ಲಿ ಕಲ್ಲಾಗಿದ್ದನ್ನು ಈ ಊರು ಅರುವತ್ತಕ್ಕೂ ಹೆಚ್ಚು ವರ್ಷ ನೋಡಿದೆ.

ಇನ್ನೊಂದು ಎಣಿಕೆ ಈಗ ಬಾಗಿಲಿಗೆ ಬಂದಿದೆ. 2011ರ ನಂತರ ನಡೆಯದೆ ಉಳಿದ ಜನಗಣತಿಯಲ್ಲಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಕಾಗದದ ಬದಲು ಫೋನಿನಲ್ಲಿ, ಜಾತಿಯ ಪ್ರಶ್ನೆಯೂ ಸೇರಿ. ಇದರ ರುಚಿಯನ್ನು ಕರ್ನಾಟಕ 2025ರ ಸೆಪ್ಟೆಂಬರಿನಲ್ಲೇ ಕಂಡಿದೆ. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ವಿದ್ಯುತ್ ಮೀಟರಿನ ಆಧಾರದ ಮೇಲೆ ಮನೆಗಳನ್ನು ಗುರುತಿಸಿ ಬಾಗಿಲಿಗೆ ಚೀಟಿ ಅಂಟಿಸಿದರು, ಶಿಕ್ಷಕರು ಆ್ಯಪ್ ಹಿಡಿದು 60 ಪ್ರಶ್ನೆಗಳೊಂದಿಗೆ ಬಂದರು. ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟದ್ದನ್ನು ಗುಟ್ಟಾಗಿಡಬೇಕು ಎಂದು ಹೈಕೋರ್ಟ್ ಹೇಳಬೇಕಾಯಿತು. ಜನಗಣತಿ ಹಾಗಲ್ಲ, ಅದಕ್ಕೆ ಉತ್ತರಿಸುವುದು ಕಾನೂನಿನಂತೆ ಕರ್ತವ್ಯ, ಉತ್ತರ ಗುಟ್ಟಾಗಿ ಉಳಿಯುವುದು ಕಾನೂನಿನಂತೆ ನಮ್ಮ ಹಕ್ಕು.

ಫೋನು ಹಿಡಿದು ಬರುವ ಮೇಷ್ಟ್ರಿಗೆ ಒಂದು ಲೋಟ ನೀರು ಕೊಡಿ, ಕೂರಿಸಿ, ಎಲ್ಲ ಪ್ರಶ್ನೆಗೂ ನಿಜ ಹೇಳಿ. ನಿಮ್ಮ ಮನೆಯ ಹೆಂಗಸರ ಉತ್ತರವನ್ನು ಅವರೇ ಹೇಳಲು ಬಿಡಿ. ಕೊನೆಯ ಗುಂಡಿ ಒತ್ತುವ ಮೊದಲು ಪರದೆಯನ್ನು ಒಮ್ಮೆ ನಿಮ್ಮತ್ತ ತಿರುಗಿಸಲು ಕೇಳಿ, ಬರೆದದ್ದನ್ನು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಓದಲು ಬಾರದ ಅಜ್ಜಿ ಮನೆಯಲ್ಲಿದ್ದರೆ ಗಟ್ಟಿಯಾಗಿ ಓದಿ ಹೇಳಿ.